ರೊಟ್ಟಿಯ ಸಪ್ಪಳ ಎಲ್ಲಿಯವರೆಗೆ ಹೋಗುತ್ತದೆ?

ಹಾಸಗೇರಾ ಎಂಬ ಊರು ದಿನಾ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ನಡುಗಲು ಶುರುವಾಗಿ ಎಂಟೂವರೆಗೆ ನಿಲ್ಲುತ್ತಿತ್ತು. ಭಾನುವಾರ ಅರ್ಧ ಗಂಟೆ ತಡ. ಯುಗಾದಿಯ ದಿನ ನಡುಕವೇ ಇಲ್ಲ. ಇಷ್ಟು ಶಿಸ್ತಿನ ಭೂಕಂಪವನ್ನು ನನ್ನ ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ನಾನು ಕಂಡಿರಲಿಲ್ಲ.

ನನ್ನ ನೌಕರಿ ಏನೆಂದು ಮೊದಲೇ ಹೇಳಿಬಿಡುತ್ತೇನೆ. ತುಮಕೂರಿನ ಹೊರವಲಯದಲ್ಲಿರುವ ನೆಲದನಿ ಕೇಂದ್ರದಲ್ಲಿ ನಾನು ಗದ್ದಲ ತೆಗೆಯುವವಳು. ಹೆಸರು ಕುಮುದಿನಿ. ಭೂಮಿಯೊಳಗಿಂದ ಬರುವ ನಿಜವಾದ ಕಂಪನ ಸಣ್ಣದು, ನಾಚಿಕೆಯದು. ಅದರ ಮೇಲೆ ಲಾರಿ, ರೈಲು, ಬೋರ್‌ವೆಲ್ ಕೊರೆಯುವ ಯಂತ್ರ, ಮದುವೆಯ ಡಿಜೆ ಎಲ್ಲವೂ ಕುಣಿಯುತ್ತಿರುತ್ತವೆ. ಅವನ್ನು ಗುರುತಿಸಿ ಅಳಿಸಲು ಒಂದು ಯಂತ್ರವಿದೆ. ಅನುಮಾನ ಬಂದಾಗ ಅದು ಪರದೆಯ ಮೇಲೆ ಕೇಳುತ್ತದೆ: ‘ಗದ್ದಲ. ಅಳಿಸಲೇ?’ ನಾನು ಹೌದು ಅನ್ನುತ್ತೇನೆ. ದಿನಕ್ಕೆ ಮುನ್ನೂರು ಸಲ ಹೌದು ಅಂದು ಅಂದು, ಮನೆಯಲ್ಲಿ ಯಾರಾದರೂ ಚಮಚ ಬೀಳಿಸಿದರೂ ಸಿಡುಕುವ ಸ್ಥಿತಿಗೆ ಬಂದಿದ್ದೆ.

ಕೇಂದ್ರಕ್ಕೆ ಕಂಪನ ಕಳಿಸುತ್ತಿದ್ದುದು ಶಾಲೆಗಳು. ಇನ್ನೂರ ಹನ್ನೆರಡು ಪ್ರೌಢಶಾಲೆಗಳಿಗೆ ತಲಾ ಹನ್ನೆರಡು ‘ನೆಲಗಿವಿ’ ಕೊಟ್ಟಿದ್ದೆವು. ನೆಲಗಿವಿ ಅಂದರೆ ಉಪ್ಪಿನಕಾಯಿ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಒಳಗೆ ಸ್ಪ್ರಿಂಗಿಗೆ ನೇತುಬಿದ್ದ ಒಂದು ಗುಂಡು. ನೆಲ ಅಲುಗಿದರೆ ಪೆಟ್ಟಿಗೆ ಅಲುಗುತ್ತದೆ, ಗುಂಡು ಮಾತ್ರ ಸೋಮಾರಿಯಂತೆ ಇದ್ದಲ್ಲೇ ಇರುತ್ತದೆ. ಎರಡರ ನಡುವಿನ ವ್ಯತ್ಯಾಸವೇ ಕಂಪನದ ಅಳತೆ. ಉಪಗ್ರಹದ ಗಡಿಯಾರಕ್ಕೆ ಹೊಂದಿಸಿರುವುದರಿಂದ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗವೂ ತಪ್ಪುವುದಿಲ್ಲ. ಮಕ್ಕಳು ಅದನ್ನು ಮನೆಮನೆಯಲ್ಲಿಟ್ಟು, ವಾರಕ್ಕೊಮ್ಮೆ ಒಂದು ಫಾರಂ ತುಂಬಿ ಕಳಿಸಬೇಕು. ನಮ್ಮ ಕರಪತ್ರದಲ್ಲಿ ಇದಕ್ಕೆ ‘ವಿದ್ಯಾರ್ಥಿ ಸಂಶೋಧನೆ’ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದೆವು. ನಿಜ ಹೇಳಬೇಕೆಂದರೆ ಪ್ರಶ್ನೆಯೂ ನಮ್ಮದು, ಉತ್ತರವೂ ನಮ್ಮದು. ಮಕ್ಕಳು ಪೆಟ್ಟಿಗೆ ಹೊರುವ ಕೂಲಿಗಳು. ಇದನ್ನು ನಾನು ಆಗ ಯಾರ ಮುಂದೆಯೂ ಒಪ್ಪುತ್ತಿರಲಿಲ್ಲ.

ಯೋಜನೆಗೊಂದು ನಿಯಮವಿತ್ತು. ಮೂರು ತಿಂಗಳು ಸತತವಾಗಿ ಅರ್ಧಕ್ಕಿಂತ ಹೆಚ್ಚು ಗದ್ದಲ ಕಳಿಸಿದ ಶಾಲೆಯಿಂದ ಕಿವಿಗಳನ್ನು ವಾಪಸ್ ಪಡೆದು ಬೇರೆ ಶಾಲೆಗೆ ಕೊಡುವುದು. ಕಲಬುರಗಿ ಕಡೆಯ ಹಾಸಗೇರಾ ಪ್ರೌಢಶಾಲೆಯದು ಶೇಕಡಾ ಎಪ್ಪತ್ತು ಗದ್ದಲ. ಎಚ್ಚರಿಕೆಯ ಪತ್ರ ಕಳಿಸಿದವಳೂ ನಾನೇ. ಪತ್ರ ಹೋದ ಮೇಲೆ ನಡುಕ ಸ್ವಲ್ಪ ಮೆತ್ತಗಾಯಿತು, ಆದರೆ ಹೊತ್ತು ತಪ್ಪಲಿಲ್ಲ. ಸೆಕೆಂಡಿಗೆ ಮೂರು ಪೆಟ್ಟು, ಒಂದು ಉಸಿರು ಬಿಡುವು, ಮತ್ತೆ ಪೆಟ್ಟು. ನಮ್ಮ ನಿರ್ದೇಶಕರಾದ ಪುಟ್ಟಸ್ವಾಮಿಗೌಡರು ಪರದೆ ನೋಡಿ, “ಏನ್ರೀ ಇದು, ಊರಿಗೆ ಊರೇ ಬಟ್ಟೆ ಒಗೀತಿದೆಯಾ?” ಅಂದರು. “ಹೋಗಿ ಕಿವಿ ಬಿಚ್ಕೊಂಡು ಬನ್ನಿ. ಪಟ್ಟಿಯಲ್ಲಿ ಇನ್ನೂ ನಲವತ್ತು ಶಾಲೆ ಕಾಯ್ತಿವೆ.”

ಹೋದೆ.

ಹಾಸಗೇರಾದಲ್ಲಿ ಎಲ್ಲವೂ ಕಲ್ಲು. ಆ ಭಾಗದಲ್ಲಿ ನೆಲ ಕೆದಕಿದರೆ ಹಪ್ಪಳದ ಅಟ್ಟಿಯ ಹಾಗೆ ಪದರುಪದರಾಗಿ ಚಪ್ಪಡಿ ಏಳುತ್ತದೆ. ಮನೆಯ ನೆಲಕ್ಕೂ ಅದೇ, ಗೋಡೆಗೂ ಅದೇ, ಹಿತ್ತಲ ಬೇಲಿಗೂ ಅದೇ. ಶಾಲೆಯ ಗೇಟಿನಲ್ಲಿ ವಿಜ್ಞಾನದ ಮೇಷ್ಟ್ರು ಮೌಲಾಲಿ ನಿಂತಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಸಣಕಲು ಮನುಷ್ಯ. ಮಗಳ ಮದುವೆಗೆ ಬೀಗರನ್ನು ಎದುರುಗೊಳ್ಳುವಷ್ಟು ಗಾಬರಿಯಲ್ಲಿದ್ದರು.

“ಬರ್ರಿ ಮೇಡಂ, ಬರ್ರಿ. ಮೊದಲ ಚಾ ಕುಡೀರಿ. ಕಿವಿ ಎಲ್ಲಿ ಓಡಿ ಹೋಗ್ತಾವ.”

“ಕಿವಿಗಳನ್ನ ಎಲ್ಲಿಟ್ಟಿದ್ದೀರಿ ಸರ್?”

“ನೀವು ಪುಸ್ತಕದಾಗ ಹ್ಯಾಂಗ ಬರದೀರಿ ಹಂಗs ಇಟ್ಟೀವ್ರಿ. ಒಂದು ಅಕ್ಷರ ಆಚೀಚಿ ಮಾಡಿಲ್ಲ.”

ಕಿವಿಗಳ ಜೊತೆ ಕಳಿಸಿದ್ದ ಆ ಪುಸ್ತಕದಲ್ಲಿ ಬರೆದವಳು ನಾನೇ: ‘ಮನೆಯೊಳಗಿನ ಅತ್ಯಂತ ಗಟ್ಟಿಯಾದ, ಅಲುಗಾಡದ, ನೆಲದ ಬಂಡೆಗೆ ತಾಗಿಕೊಂಡಿರುವ ಕಲ್ಲನ್ನು ಹುಡುಕಿ, ಅದರ ಪಕ್ಕದಲ್ಲೇ ನೆಲಗಿವಿಯನ್ನು ಇಡಿ.’ ಒಂಬತ್ತನೇ ತರಗತಿಯ ಮಕ್ಕಳು ಶ್ರದ್ಧೆಯಿಂದ ಹುಡುಕಿದ್ದಾರೆ. ಆ ಊರಿನ ಯಾವ ಮನೆಯಲ್ಲಿ ಹುಡುಕಿದರೂ ಅಂಥ ಕಲ್ಲು ಒಂದೇ. ಅದು ಒಲೆಯ ಪಕ್ಕದ, ಜೋಳದ ರೊಟ್ಟಿ ಬಡಿಯುವ ಕಲ್ಲು.

ಹನ್ನೆರಡರಲ್ಲಿ ಹನ್ನೊಂದು ಕಿವಿಗಳು ಹನ್ನೊಂದು ಅಡುಗೆಮನೆಗಳಲ್ಲಿ ರೊಟ್ಟಿ ಕಲ್ಲಿಗೆ ಅಂಟಿಕೊಂಡು ಕೂತಿದ್ದವು. ಅದರಲ್ಲೂ ಒಂದು, ಮಹಿಳಾ ಸಂಘದ ರೊಟ್ಟಿ ಕೇಂದ್ರದಲ್ಲಿ. ಅಲ್ಲಿ ಎಂಟು ಮಂದಿ ಹೆಂಗಸರು ದಿನಕ್ಕೆ ಸಾವಿರಕ್ಕೂ ಹೆಚ್ಚು ರೊಟ್ಟಿ ಬಡಿದು ಪೇಟೆಗೆ ಕಳಿಸುತ್ತಾರೆ. ಹನ್ನೆರಡನೆಯದು ಮಾತ್ರ ಶಾಲೆಯ ಮೂಲೆಯಲ್ಲಿತ್ತು. ಯುಗಾದಿಯ ದಿನ ಊರು ಯಾಕೆ ನಡುಗಲಿಲ್ಲ ಎಂದು ಈಗ ಗೊತ್ತಾಯಿತು. ಅವತ್ತು ಹೋಳಿಗೆ.

ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು, ಸಿಟ್ಟು ನನ್ನ ಮೇಲೆಯೇ ಎಂದು ತಿಳಿದ ಮೇಲೆ ಸುಮ್ಮನಾದೆ.

ರೊಟ್ಟಿ ಕೇಂದ್ರದ ಮುಖ್ಯಸ್ಥೆ ಸುಗಲಾಬಾಯಿ. ಐವತ್ತರ ಹತ್ತಿರದ, ಎತ್ತರದ ಹೆಂಗಸು. ಅಂಗೈ ನೋಡಿದರೆ ಅದೂ ಚಪ್ಪಡಿಯೇ. ನಾನು ಜೀಪಿನ ಡ್ರೈವರನನ್ನು ಕರೆದು ಕಿವಿಯ ತಂತಿ ಬಿಚ್ಚಲು ಬಗ್ಗಿದೆ. ಅಷ್ಟರಲ್ಲಿ ಬಾಗಿಲಲ್ಲಿ ಒಂದು ಹುಡುಗಿ ಬಂದು ನಿಂತಳು. ನೀಲಿ ಸಮವಸ್ತ್ರ, ಎರಡು ಜಡೆ, ಕಂಕುಳಲ್ಲಿ ಉದ್ದನೆಯ ಒಂದು ನೋಟುಪುಸ್ತಕ. ಸುಗಲಾಬಾಯಿಯ ಮಗಳು ಚಂದಮ್ಮ. ಓಡಿ ಬಂದಿದ್ದಳು, ಏದುಸಿರು ಬಿಡುತ್ತಿದ್ದಳು.

“ಮೇಡಂ, ಬಿಚ್ಚಬ್ಯಾಡ್ರಿ. ಇನ್ನೊಂದು ವಾರ ಬಿಡ್ರಿ. ಅಂಗನವಾಡಿ ಕೆಳಗ ನೆಲ ಟೊಳ್ಳ ಆಗ್ಲಿಕತ್ತದ.”

“ಯಾರು ಹೇಳಿದ್ದು?”

“ನಮ್ಮವ್ವನ ರೊಟ್ಟಿ.”

ಡ್ರೈವರ್ ಕಿಸಕ್ಕನೆ ನಕ್ಕ. ಸುಗಲಾಬಾಯಿ ಅವನತ್ತ ಒಂದು ಸಲ ನೋಡಿದರು, ಅವನು ಜೀಪಿಗೆ ವಾಪಸ್ ಹೋದ.

ಚಂದಮ್ಮ ನೋಟುಪುಸ್ತಕ ಬಿಚ್ಚಿ ರೊಟ್ಟಿ ಕಲ್ಲಿನ ಮೇಲೇ ಇಟ್ಟಳು. ಮೊದಲ ಪುಟದಲ್ಲಿ ದುಂಡಗಿನ ಅಕ್ಷರದಲ್ಲಿ ಒಂದೇ ಸಾಲು: ‘ನಮ್ಮ ಮನೆಯ ರೊಟ್ಟಿ ಸಪ್ಪಳ ಎಲ್ಲಿಯವರೆಗೆ ಹೋಗುತ್ತದೆ?’ ಅದರ ಕೆಳಗೆ ನೂರ ನಲವತ್ತು ದಿನಗಳ ಲೆಕ್ಕ.

ಮೌಲಾಲಿ ಸರ್ ಗಂಟಲು ಸರಿಮಾಡಿಕೊಂಡರು. “ಫಾರಂದಾಗ ಇಂಥಾ ಪ್ರಶ್ನೆ ಇಲ್ಲಂತ ನಾನೂ ಹೇಳ್ದೆ ಮೇಡಂ. ಈಕಿ ಕೇಳಲಿಲ್ಲ. ಹೋಗ್ಲಿ, ಪ್ರಶ್ನಿ ತಾನs ಹುಟ್ಟಿಸ್ಯಾಳ, ಉತ್ತರನೂ ಹುಡುಕ್ಲಿ ಅಂತ ಬಿಟ್ಟೆ.”

ಅವಳು ಮಾಡಿದ್ದು ಇಷ್ಟು. ಶಾಲೆಗೆ ನಾವು ಕೊಟ್ಟಿದ್ದ ಟ್ಯಾಬ್‌ನಲ್ಲಿ ‘ಪೇರಿಸು’ ಎಂಬ ಒಂದು ಗುಂಡಿ ಇದೆ. ಒಂದೇ ತೆರನಾದ ಸಾವಿರ ಕಂಪನಗಳನ್ನು ಒಂದರ ಮೇಲೊಂದು ಕೂಡಿಸುವ ಗುಂಡಿ. ಒಂದು ರೊಟ್ಟಿಯ ಪೆಟ್ಟು ನೂರು ಮೀಟರ್ ದೂರದ ಕಿವಿಗೆ ಕೇಳುವುದೇ ಇಲ್ಲ ಎನ್ನಬಹುದು. ಆದರೆ ಸಾವಿರ ಪೆಟ್ಟುಗಳನ್ನು ಪೇರಿಸಿದರೆ ಅಡ್ಡಾದಿಡ್ಡಿ ಗದ್ದಲ ತಾನೇ ಒಂದನ್ನೊಂದು ತಿಂದುಹಾಕಿಕೊಳ್ಳುತ್ತದೆ, ಪೆಟ್ಟು ಮಾತ್ರ ಎದ್ದು ನಿಲ್ಲುತ್ತದೆ. ಆ ಗುಂಡಿಯನ್ನು ಇನ್ನೂರ ಹನ್ನೊಂದು ಶಾಲೆಗಳಲ್ಲಿ ಯಾರೂ ಮುಟ್ಟಿರಲಿಲ್ಲ. ಇಟ್ಟವರಾದ ನಾವೇ ಮರೆತಿದ್ದೆವು. ಚಂದಮ್ಮ ದಿನಾ ಬೆಳಿಗ್ಗೆ ಆರಕ್ಕೆ ಶಾಲೆಗೆ ಹೋಗಿ, ಟ್ಯಾಬ್ ಮುಂದೆ ಕೂತು, ಅವ್ವನ ಪೆಟ್ಟುಗಳನ್ನು ಪೇರಿಸುತ್ತಿದ್ದಳು. ಎಂಟು ಮಂದಿ ಬಡಿಯುತ್ತಿದ್ದರೂ ಅವ್ವನದನ್ನು ಹೇಗೆ ಆರಿಸಿದೆ ಎಂದು ಕೇಳಿದೆ.

“ಕೈ ಗೊತ್ತಾಗಂಗಿಲ್ಲೇನ್ರಿ? ಅವ್ವ ಮೂರು ಬಡದು ತಿರುವ್ತಾಳ. ಸರಸಕ್ಕ ಐದು ಬಡೀತಾಳ. ಮಾಪಮ್ಮ ಚಿಗವ್ವ ಮಾತಾಡ್ಕೋತ ಬಡೀತಾಳ, ನಡುವ ನಿಂತs ಬಿಡ್ತದ.”

ರೊಟ್ಟಿ ಕೇಂದ್ರ ಓಣಿಯ ಪಶ್ಚಿಮದ ತುದಿಯಲ್ಲಿದೆ, ಶಾಲೆ ಪೂರ್ವದ ತುದಿಯಲ್ಲಿ. ನಡುವೆ ನೂರ ಮೂವತ್ತು ಮೀಟರ್. ಆ ನಡುವಿನಲ್ಲೇ ಅಂಗನವಾಡಿಯ ಒಂದೇ ಕೋಣೆ. ಸುಗಲಾಬಾಯಿಯ ಪೆಟ್ಟು ನೆಲದೊಳಗಿಂದ ಶಾಲೆ ಮುಟ್ಟಲು ಒಂದು ಸೆಕೆಂಡಿನ ಸಾವಿರ ಭಾಗದಲ್ಲಿ ನೂರಿಪ್ಪತ್ತು ಭಾಗ ಬೇಕು. ನೂರ ಹದಿನೆಂಟು ದಿನ ಅದೇ ನೂರಿಪ್ಪತ್ತು. ಆಮೇಲೆ ನೂರಿಪ್ಪತ್ತೆರಡು. ನೂರಿಪ್ಪತ್ತೈದು. ಹಿಂದಿನ ದಿನ ನೂರ ಮೂವತ್ತೊಂದು. ಗಟ್ಟಿ ನೆಲದಲ್ಲಿ ಕಂಪನ ಓಡುತ್ತದೆ, ಸಡಿಲ ನೆಲದಲ್ಲಿ ತಡವರಿಸುತ್ತದೆ. ಹುಡುಗಿಗೆ ಇದು ಗೊತ್ತಿತ್ತು. ನಮ್ಮದೇ ಪುಸ್ತಕದ ಎಂಟನೇ ಪಾಠ.

ಇಂಥ ಅಳತೆಗೆ ನಾವು ಲಾರಿಯಲ್ಲಿ ಭಾರದ ಸುತ್ತಿಗೆ ಒಯ್ದು, ಎರಡು ದಿನ ನೆಲ ಗುದ್ದಿ, ಒಂದೇ ಒಂದು ಉತ್ತರ ಪಡೆದು ಬರುತ್ತೇವೆ. ಇಲ್ಲಿ ಎಂಟು ಹೆಂಗಸರು ದಿನಾ ಬೆಳಿಗ್ಗೆ ಅದೇ ಕಲ್ಲಿನ ಮೇಲೆ, ಅದೇ ಕೈಯಿಂದ, ಅದೇ ಹೊತ್ತಿಗೆ ನೆಲ ತಟ್ಟಿ ಉತ್ತರ ಕೇಳುತ್ತಿದ್ದಾರೆ. ನಾನು ಆ ಉತ್ತರವನ್ನು ದಿನಾ ಅಳಿಸುತ್ತಿದ್ದೆ.

ಆದರೆ ಹತ್ತೊಂಬತ್ತು ವರ್ಷ ಅನುಮಾನ ಪಟ್ಟು ಬದುಕಿದವಳು ಒಂದು ಪುಸ್ತಕ ನೋಡಿ ಕುಣಿಯುವುದಿಲ್ಲ. ಕಲ್ಲಿನ ಕೆಳಗೆ ಕೈ ಹಾಕಿ ಸವರಿದೆ. ಮೆತ್ತಗೆ ಏನೋ ತಾಗಿತು. ಎಳೆದರೆ ಬಣ್ಣಬಣ್ಣದ ಚಿಂದಿ ಹೊಲಿದ ಹೊದಿಕೆಯ ಅಂಚು.

“ಇದೇನಮ್ಮ?”

ಸುಗಲಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. ಮೌಲಾಲಿ ಸರ್ ಗೋಡೆಯ ಮೇಲಿನ ಕ್ಯಾಲೆಂಡರ್ ಓದತೊಡಗಿದರು.

“ಕೌದಿ ರಿ ಅಕ್ಕೋರೆ,” ಎಂದರು ಸುಗಲಾಬಾಯಿ ಕೊನೆಗೆ. “ನಿಮ್ಮ ಆಫೀಸಿಂದ ಕಾಗದ ಬಂತಲ್ರಿ, ಗದ್ದಲ ಭಾಳ ಆಗ್ಲಿಕತ್ತದ, ಕಿವಿ ಒಯ್ತೀವಿ ಅಂತ. ಸರ್ ಬಂದು ಹೇಳಿದ್ರು, ಸುಗಲಾಬಾಯಿ, ಹುಡುಗಿ ಅಭ್ಯಾಸ ಕೆಡ್ತದ, ಏನರ ಮಾಡ್ರಿ ಅಂತ. ರೊಟ್ಟಿ ಬಿಡ್ಲಿಕ್ಕಂತೂ ಆಗಂಗಿಲ್ಲ. ಅದಕ್ಕ ಕಲ್ಲಿನ ಬುಡಕ ಕೌದಿ ಹಾಕಿದೆ. ಈಕಿಗೆ ಹೇಳಲಿಲ್ಲ. ಹೇಳಿದ್ರ ಬ್ಯಾಡ ಅಂತಾಳ.”

“ಯಾವತ್ತು ಹಾಕಿದ್ರಿ?”

“ಮೂರು ವಾರ ಆಯ್ತು ನೋಡ್ರಿ.”

ಚಂದಮ್ಮನ ಮುಖದ ಬಣ್ಣ ಇಳಿಯಿತು. ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಪೆಟ್ಟು ತಡವಾಗಲು ಶುರುವಾದದ್ದೂ ಮೂರು ವಾರದ ಹಿಂದೆ. ಕೌದಿಯ ಮೇಲೆ ಬಿದ್ದ ಪೆಟ್ಟು ಮೊಂಡಾಗುತ್ತದೆ, ಅದರ ಮೊನೆ ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ, ಬೇಗ ಬಂದರೂ ತಡವಾಗಿ ಬಂದಂತೆ ಕಾಣುತ್ತದೆ. ಅಂಗನವಾಡಿಯ ಕೆಳಗೆ ಏನೂ ಆಗಿರದೆ, ಅವ್ವನ ಕಲ್ಲಿನ ಕೆಳಗೆ ಒಂದು ಕೌದಿ ಬಂದದ್ದಷ್ಟೇ ಇರಬಹುದು. ಆ ಕೌದಿ ಬಂದದ್ದು ನನ್ನ ಪತ್ರದಿಂದ.

“ನೀ ಯಾಕ ಹೇಳಲಿಲ್ಲವ್ವ,” ಅಂದಳು. ಕಣ್ಣು ತುಂಬಿಕೊಂಡಿತ್ತು.

“ನಿನ್ನ ಚಲೋಕ್ಕs ಮಾಡೀನಿ ಯವ್ವ. ಕಿವಿ ಒಯ್ದ್ರ ನೀ ಅಳ್ತಿದ್ದಿ.”

“ಈಗೂ ಅಳ್ಲಿಕತ್ತೀನಲ್ಲ!”

ಅವರಿಬ್ಬರ ನಡುವೆ ನಿಲ್ಲಲು ನನಗೆ ಬಹಳ ಕಷ್ಟವಾಯಿತು. ಜೀಪಿನ ಹಾರನ್ ಕೇಳಿಸಿತು. ಸಂಜೆಯೊಳಗೆ ಹನ್ನೆರಡೂ ಕಿವಿ ತುಂಬಿಕೊಂಡು ಹೊರಡಬೇಕೆಂದು ಆದೇಶ. ಫಾರಂ ನನ್ನ ಚೀಲದಲ್ಲೇ ಇತ್ತು, ಸಹಿಯೊಂದು ಬಾಕಿ.

ಚಂದಮ್ಮ ಅಳು ನುಂಗಿಕೊಂಡು ಪೆನ್ನು ತೆಗೆದಳು. ಮೂರು ವಾರದ ಪುಟಗಳನ್ನು ಹರಿದುಹಾಕುತ್ತಾಳೇನೋ ಎಂದು ನಾನು ಹೆದರಿದೆ. ಅವಳು ಹರಿಯಲಿಲ್ಲ, ಅಡ್ಡಗೆರೆಯನ್ನೂ ಎಳೆಯಲಿಲ್ಲ. ಆ ದಿನಾಂಕದ ಪಕ್ಕದ ಅಂಚಿನಲ್ಲಿ ‘ಇಂದಿನಿಂದ ಕೌದಿ’ ಎಂದು ಬರೆದಳು. ಹತ್ತೊಂಬತ್ತು ವರ್ಷದಲ್ಲಿ ಎಷ್ಟೋ ದೊಡ್ಡ ದೊಡ್ಡ ಪದವಿಯವರು ಅಂಥ ಜಾಗದಲ್ಲಿ ಪುಟವನ್ನೇ ಮಾಯ ಮಾಡಿದ್ದನ್ನು ನಾನು ನೋಡಿದ್ದೇನೆ. ಅವಳ ಬಗ್ಗೆ ಗೌರವ ಹುಟ್ಟಿದ್ದು ಆ ಕ್ಷಣದಲ್ಲಿ.

“ಕೌದಿ ತೆಗದು ಬಡದ್ರ, ಸಪ್ಪಳ ಮತ್ತ ನೂರಿಪ್ಪತ್ತಕ್ಕ ಬಂದ್ರ, ನಂದು ತಪ್ಪು,” ಅಂದಳು ನಿಧಾನವಾಗಿ. “ಆಗ ಕಿವಿ ನೀವು ಒಯ್ರಿ. ನೂರ ಮೂವತ್ತೊಂದs ಬಂದ್ರ?”

“ಅದೊಂದೇ ಸಾಲದು. ಆ ಕಡೆಯಿಂದ ಈ ಕಡೆಗೂ ಬಡಿದು ನೋಡಬೇಕು. ಓಣಿಯ ಪೂರ್ವದ ಮನೆಗಳ ಪೆಟ್ಟು ಇಲ್ಲಿಗೆ ಎಷ್ಟು ಹೊತ್ತಿಗೆ ಬರುತ್ತೆ ಅಂತ. ಇಷ್ಟು ದಿನ ಕೇಂದ್ರದ ಗಲಾಟೆಯಲ್ಲಿ ಅವು ಮುಳುಗಿಹೋಗಿವೆ.”

“ಅಂದ್ರ ಒಂದು ಮನಿ ಬಡೀಬೇಕು, ಉಳದವ್ರು ಸುಮ್ಮ ಕೂಡಬೇಕು. ಹೌದಿಲ್ರಿ?”

“ಹೌದು. ಊರೇ ಸುಮ್ಮನಿರಬೇಕು.”

ಮೌಲಾಲಿ ಸರ್ ಕ್ಯಾಲೆಂಡರ್ ಬಿಟ್ಟು ಈ ಕಡೆ ತಿರುಗಿದರು. “ಅದು ನನಗ ಬಿಡ್ರಿ. ಕೌದಿ ಪಾಪ ನಂದು. ನಾ ತೀರಿಸ್ತೀನಿ.”

ಡ್ರೈವರನಿಗೆ ಹೇಳಿಕಳಿಸಿದೆ, ಜೀಪು ನಾಳೆ ಹೊರಡುತ್ತದೆ.

ಮರುದಿನ ಬೆಳಗಿನ ಆರು ಗಂಟೆಗೆ ಹಾಸಗೇರಾದಷ್ಟು ನಿಶ್ಶಬ್ದವಾದ ಊರನ್ನು ನನ್ನ ಯಂತ್ರ ಎಂದೂ ಕೇಳಿರಲಾರದು. ಟ್ರ್ಯಾಕ್ಟರುಗಳು ಊರ ಹೊರಗೆ ನಿಂತಿದ್ದವು. ಹಿಟ್ಟಿನ ಗಿರಣಿಗೆ ಬೀಗ. ನಲ್ಲಿಯಲ್ಲಿ ಕೊಡ ಇಡುವವರೂ ಕೆಳಗೆ ಗೋಣಿ ಹಾಸಿ ಇಡುತ್ತಿದ್ದರು. ಒಂಬತ್ತನೇ ತರಗತಿಯ ಮಕ್ಕಳು ಒಂದೊಂದು ಮನೆಯ ಬಾಗಿಲಿಗೆ ಒಬ್ಬರಂತೆ ನಿಂತಿದ್ದರು. ಮೌಲಾಲಿ ಸರ್ ಸೈಕಲ್ ಮೇಲೆ ಓಣಿಯುದ್ದಕ್ಕೂ ಓಡಾಡಿ, ಕೆಮ್ಮಿದವರನ್ನೂ ಗದರಿಸುತ್ತಿದ್ದರು. ನಾನು ಶಾಲೆಯಲ್ಲಿ ಟ್ಯಾಬ್ ಮುಂದೆ, ಪಕ್ಕದಲ್ಲಿ ಚಂದಮ್ಮ. ಅವಳ ಕೈಯಲ್ಲಿ ಸರದಿಯ ಪಟ್ಟಿ, ಕಿವಿಗೆ ಫೋನು.

“ಅವ್ವ, ಮೊದಲ ನೀ. ಕೌದಿ ತೆಗದಿ?”

ಫೋನಿನಲ್ಲಿ ಸುಗಲಾಬಾಯಿಯ ದನಿ ನನಗೂ ಕೇಳಿಸಿತು. “ತೆಗದೀನಿ. ಮೂವತ್ತು ವರ್ಷ ಆಯ್ತು ರೊಟ್ಟಿ ಬಡದು, ತಿನ್ಲಿಕ್ಕ ಬಂದವ್ರನ್ನ ಕಂಡೀನಿ. ಸಪ್ಪಳ ಕೇಳ್ಲಿಕ್ಕಂತ ಬಂದವ್ರನ್ನ ಇವತ್ತs ನೋಡ್ಲಿಕತ್ತೀನಿ.”

ಪರದೆಯ ಮೇಲೆ ಮೂರು ಪೆಟ್ಟು, ಬಿಡುವು, ಮೂರು ಪೆಟ್ಟು. ಕೌದಿಯಿಲ್ಲದ ಕಲ್ಲಿನ ಪೆಟ್ಟು ಸೂಜಿಯ ಮೊನೆಯಂತೆ ಚೂಪಾಗಿತ್ತು. ಯಂತ್ರ ಅಭ್ಯಾಸಬಲದಿಂದ ಕೇಳಿತು: ‘ಗದ್ದಲ. ಅಳಿಸಲೇ?’ ಬಾಯಿ ಮುಚ್ಚು ಎಂದು ಗಟ್ಟಿಯಾಗಿಯೇ ಅಂದೆ. ಇಪ್ಪತ್ತು ರೊಟ್ಟಿ ಆದ ಮೇಲೆ ಚಂದಮ್ಮ ‘ಪೇರಿಸು’ ಒತ್ತಿದಳು.

ನೂರ ಮೂವತ್ತೆರಡು.

ಅವಳು ಗೆದ್ದೆ ಎಂದು ಕೂಗಲಿಲ್ಲ. ನನ್ನತ್ತ ನೋಡಿ, “ನೂರಿಪ್ಪತ್ತು ಬಂದಿದ್ರ ಚಲೋ ಇತ್ತು ಮೇಡಂ,” ಅಂದಳು. “ನಂದು ತಪ್ಪಾಗಿದ್ರ ಚಲೋ ಇತ್ತು.” ಇಪ್ಪತ್ತಾರು ಮಕ್ಕಳು ದಿನಾ ಕೂಡುವ ಕೋಣೆ ಅದು. ಅವಳ ತಮ್ಮನೂ ಅಲ್ಲಿಗೇ ಹೋಗುತ್ತಿದ್ದ.

ಆಮೇಲೆ ಪೂರ್ವದ ಮನೆಗಳು. ಒಂದಾದ ಮೇಲೊಂದು, ಮನೆಗೆ ಇಪ್ಪತ್ತು ರೊಟ್ಟಿ. ಹತ್ತೂವರೆಯವರೆಗೆ ಇಡೀ ಊರು ಪಿಸುಮಾತಿನಲ್ಲಿ ಬದುಕಿತು. ಹನ್ನೊಂದು ಕಲ್ಲು, ಹನ್ನೆರಡು ಕಿವಿ. ದಾರಿಗಳನ್ನೆಲ್ಲ ಊರಿನ ನಕ್ಷೆಯ ಮೇಲೆ ಎಳೆದೆವು. ಹೊತ್ತಿಗೆ ಸರಿಯಾಗಿ ಬಂದ ಪೆಟ್ಟಿನ ದಾರಿಗೆ ಹಸಿರು, ತಡವಾದದ್ದಕ್ಕೆ ಕೆಂಪು. ಕೊನೆಗೆ ನೋಡಿದರೆ ನಕ್ಷೆಯ ತುಂಬ ಹಸಿರು ಗೆರೆ. ಕೆಂಪು ಗೆರೆಗಳು ಎಂಟೇ ಎಂಟು. ಎಂಟೂ ಬೇರೆ ಬೇರೆ ಮನೆಗಳಿಂದ ಹೊರಟು ಒಂದೇ ಕಡೆ ಒಂದನ್ನೊಂದು ದಾಟುತ್ತಿದ್ದವು. ಅಂಗನವಾಡಿಯ ಕೋಣೆಯ ಕೆಳಗೆ.

ನಿರ್ದೇಶಕರಿಗೆ ಫೋನ್ ಮಾಡಿದೆ.

“ಕಿವಿ ಬಿಚ್ಚಿದ್ರಾ ಕುಮುದಿನಿ?”

“ಇಲ್ಲ ಸಾರ್. ಬಿಚ್ಚೋದೂ ಇಲ್ಲ.” ಎಲ್ಲವನ್ನೂ ಹೇಳಿದೆ, ನಕ್ಷೆಯನ್ನೂ ಟಿಪ್ಪಣಿಯನ್ನೂ ಕಳಿಸಿದೆ.

“ರೊಟ್ಟಿ?” ಅಂದರು. ಅವರು ಪರದೆಯ ಮೇಲೆ ನಮ್ಮ ನಕ್ಷೆ ತೆಗೆದು ನೋಡುತ್ತಿದ್ದಾರೆಂದು ಮೌಸಿನ ಟಕಟಕದಿಂದ ತಿಳಿಯಿತು. “ಎರಡೂ ಕಡೆಯಿಂದ ಬಡಿಸಿ ನೋಡಿದ್ದೀರಿ. ಕೌದಿ ತೆಗೆಸಿದ್ದೀರಿ. ಈ ಕೌದಿ ವಿಷಯ ಟಿಪ್ಪಣೀಲಿ ಬರೆದಿದ್ದು ಯಾರು?”

“ಹುಡುಗಿ.”

“ಸರಿ. ಕೊರೆಯುವ ಗಾಡಿ ಕಳಿಸೋಕೆ ಜಿಲ್ಲೆಯವರಿಗೆ ನಾನೇ ಹೇಳ್ತೀನಿ. ವರದಿಗೆ ನಿಮ್ಮ ಹೆಸರು ಹಾಕಿ, ಬೇಗ ಕೆಲಸ ಆಗುತ್ತೆ.”

“ನನ್ನ ಹೆಸರು ಎರಡನೆಯದಾಗಿ ಇರುತ್ತೆ ಸಾರ್.”

ವರದಿಯಲ್ಲಿ ‘ಕಂಪನದ ಮೂಲ’ ಎಂಬ ಖಾನೆ ಇರುತ್ತದೆ. ಸುತ್ತಿಗೆ, ಸಿಡಿಮದ್ದು, ಇಂಥವನ್ನು ಬರೆಯುವ ಜಾಗ. ಚಂದಮ್ಮ ಅಲ್ಲಿ ‘ಜೋಳದ ರೊಟ್ಟಿ, ಇನ್ನೂರ ಇಪ್ಪತ್ತು’ ಎಂದು ತುಂಬಿದಳು. ಆ ರೊಟ್ಟಿಗಳನ್ನೆಲ್ಲ ಅವತ್ತು ಊರಿಗೆ ಊರೇ ಶಾಲೆಯ ಅಂಗಳದಲ್ಲಿ ಕೂತು ಪುಂಡಿ ಪಲ್ಯ, ಶೇಂಗಾ ಹಿಂಡಿಯ ಜೊತೆ ಹಂಚಿಕೊಂಡು ತಿಂದಿತು. ನಾನೂ ಎರಡು ತಿಂದೆ. ಬಡಿಯಲೂ ಒಂದು ಸಲ ಪ್ರಯತ್ನಿಸಿದೆ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾಪಮ್ಮ ಚಿಗವ್ವ ಮಾತು ನಿಲ್ಲಿಸಿ ನಗುವುದನ್ನು ಅವತ್ತೇ ಮೊದಲು ನೋಡಿದ್ದು ಎಂದು ಉಳಿದವರು ಹೇಳಿದರು.

ಮಕ್ಕಳನ್ನು ಬೇರೆಡೆಗೆ ಕಳಿಸಲು ಅಂಗನವಾಡಿಯ ಟೀಚರ್ ಮೇಲಿನವರ ಕಾಗದ ಬೇಕು ಅಂದರು. ತಪ್ಪೇನಿಲ್ಲ, ಅವರ ನೌಕರಿಯ ಪ್ರಶ್ನೆ. ಕಾಗದ ಬರುವವರೆಗೆ ಯಾರು ಕಾಯುತ್ತಾರೆ? ಸುಗಲಾಬಾಯಿ ಹೋಗಿ, “ಕಾಗದ ಬರೂ ತನಾ ಹುಡುಗ್ರು ನಮ್ಮಲ್ಲೇ ರೊಟ್ಟಿ ನೋಡ್ಕೋತ ಕೂಡ್ತಾವ ಬಿಡ್ರಿ,” ಎಂದು ಇಪ್ಪತ್ತಾರು ಮಕ್ಕಳನ್ನೂ ಸಾಲು ಮಾಡಿಸಿ ರೊಟ್ಟಿ ಕೇಂದ್ರಕ್ಕೆ ಕರೆದುಕೊಂಡು ಬಂದರು. ಕೊನೆಯಲ್ಲಿ ಟೀಚರೂ ಹಾಜರಿ ಪುಸ್ತಕ ಹಿಡಿದು ಬಂದರು.

ಜೀಪನ್ನು ಖಾಲಿ ಕಳಿಸಿ ನಾನು ಊರಲ್ಲೇ ಉಳಿದೆ. ಒಂಬತ್ತನೇ ದಿನ ಕೊರೆಯುವ ಗಾಡಿ ಬಂತು. ಆ ಹೊತ್ತಿಗೆ ಪೆಟ್ಟು ನೂರ ಮೂವತ್ತೆಂಟಕ್ಕೆ ಮುಟ್ಟಿತ್ತು. ಖಾಲಿ ಕೋಣೆಯ ನಡುವೆ ಚಪ್ಪಡಿಗೆ ತೂತು ಹಾಕಿ ಸಲಾಕೆ ಇಳಿಸಿದರು. ಊರು ಬಾಗಿಲಲ್ಲಿ, ಕಿಟಕಿಯಲ್ಲಿ, ಗೋಡೆಯ ಮೇಲೆ. ಒಂದು ಮೀಟರ್ ಗಟ್ಟಿ, ಎರಡು ಮೀಟರ್ ಗಟ್ಟಿ. ಚಂದಮ್ಮ ಅವ್ವನ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಎರಡೂವರೆಯಾದ ಮೇಲೆ ಸಲಾಕೆ ಯಾರ ಕೈಯಲ್ಲೂ ನಿಲ್ಲದೆ ಸರ್ರನೆ ಜಾರಿ, ಆಳುದ್ದ ಕೆಳಗಿಳಿದು, ನೀರಿನಲ್ಲಿ ಬಿದ್ದ ಸದ್ದು ಮಾಡಿತು.

ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ಜೋರಾಗಿ ಅತ್ತಳು, ನೋಡಿದರೆ ಎಲ್ಲರೂ ಅಳುತ್ತಿದ್ದರು. ಮೌಲಾಲಿ ಸರ್ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡು ಮತ್ತೆ ಒರೆಸಿದರು. ಊರಿನ ಹಿರಿಯರೊಬ್ಬರಿಗೆ ಆಗ ನೆನಪಾಯಿತು. ಅವರಪ್ಪನ ಕಾಲದಲ್ಲಿ ಅಲ್ಲಿ ಕಲ್ಲಿನ ಖಣಿ ಇತ್ತು, ಚೂರುಕಲ್ಲು, ಮಣ್ಣು ತುಂಬಿ ಮುಚ್ಚಿದ್ದರು. ಕುಡಿಯುವ ನೀರಿನ ಪೈಪು ಒಳಗೊಳಗೇ ಒಡೆದು, ಆ ತುಂಬಿದ ಮಣ್ಣನ್ನು ತಿಂಗಳುಗಟ್ಟಲೆ ಕೊಚ್ಚಿಕೊಂಡು ಹೋಗಿತ್ತು. ಮೇಲೆ ಉಳಿದದ್ದು ಚಪ್ಪಡಿಯ ಒಂದು ಹೊದಿಕೆ. ಗಾಡಿಯ ಎಂಜಿನಿಯರ್ ಕೋಣೆಯಿಂದ ಎಲ್ಲರನ್ನೂ ಹೊರಗೆ ಕಳಿಸಿದ. ಇನ್ನೊಂದು ಮಳೆ ಕಾಯುತ್ತಿರಲಿಲ್ಲ ಎಂದು ನನ್ನ ಹತ್ತಿರ ಮಾತ್ರ ಹೇಳಿದ.

ನಾನು ತುಮಕೂರಿಗೆ ವಾಪಸಾದೆ, ಹನ್ನೆರಡು ಕಿವಿಗಳನ್ನು ಅಲ್ಲೇ ಬಿಟ್ಟು. ಕೇಂದ್ರದಲ್ಲಿ ದೊಡ್ಡ ಚರ್ಚೆ ನಡೆಯಿತು. ಫಾರಂನಲ್ಲಿ ಒಂದು ಖಾಲಿ ಪುಟ ಸೇರಿಸಬೇಕೆಂದು ನಾನು ಹಟ ಹಿಡಿದೆ. ಅದರ ತಲೆಯಲ್ಲಿ ‘ನಿಮ್ಮ ಪ್ರಶ್ನೆ’ ಎಂದಷ್ಟೇ ಇರಬೇಕು. ಗೌಡರು, “ಇನ್ನೂರ ಹನ್ನೆರಡು ಶಾಲೆ ಪ್ರಶ್ನೆ ಕೇಳೋಕೆ ಶುರು ಮಾಡಿದ್ರೆ ಉತ್ತರ ಹೇಳೋರು ಯಾರ್ರೀ?” ಎಂದು ರೇಗಿದರು. ಅವರೇ ಹುಡುಕಿಕೊಳ್ಳುತ್ತಾರೆ ಅಂದೆ. ಗೊಣಗುತ್ತಲೇ ಒಪ್ಪಿದರು. ಮೊದಲ ತಿಂಗಳೇ ಮುನ್ನೂರ ಆರು ಪ್ರಶ್ನೆ ಬಂದವು. ದೇವಸ್ಥಾನದ ಗಂಟೆಗೆ ಹಾವು ಓಡುತ್ತದೆಯೇ ಎಂಬುದೂ ಒಂದು. ಕೆರೆ ತುಂಬಿದಾಗ ಊರು ಎಷ್ಟು ತಗ್ಗುತ್ತದೆ ಎಂಬುದೂ ಒಂದು. ಆ ಎರಡನೆಯದರ ಮೇಲೆ ನಮ್ಮ ಕೇಂದ್ರದ ಮೂರು ಮಂದಿ ಈಗ ಮಕ್ಕಳ ಕೈಕೆಳಗೆ ದುಡಿಯುತ್ತಿದ್ದಾರೆ.

ಹಾಸಗೇರಾದಲ್ಲಿ ಪೈಪು ಸರಿಮಾಡಿ, ಟೊಳ್ಳಿಗೆ ಕಲ್ಲು ತುಂಬಿ, ಸಿಮೆಂಟಿನ ನೀರು ಹಾಯಿಸಿದರು. ಗಟ್ಟಿಯಾಯಿತೋ ಇಲ್ಲವೋ ಎಂದು ನೋಡಲು ಯಾರೂ ಲಾರಿಯಲ್ಲಿ ಸುತ್ತಿಗೆ ತರಲಿಲ್ಲ. ನಾನು ಬೆಳಿಗ್ಗೆ ಕಾಫಿ ಹಿಡಿದು ಪರದೆಯ ಮುಂದೆ ಕೂರುತ್ತಿದ್ದೆ. ಆರು ಹತ್ತಕ್ಕೆ ಮೂರು ಪೆಟ್ಟು, ಬಿಡುವು, ಮೂರು ಪೆಟ್ಟು. ಎಂಟೂವರೆಗೆ ಚಂದಮ್ಮನ ಸಂದೇಶ ಬರುತ್ತಿತ್ತು. ನೂರ ಮೂವತ್ತು. ನೂರಿಪ್ಪತ್ತಾರು. ನೂರಿಪ್ಪತ್ತಮೂರು. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ‘ನೂರ ಹತ್ತೊಂಬತ್ತು. ಮೊದಲಿಗಿಂತ ಗಟ್ಟಿ ಅದ ಮೇಡಂ.’

ಅದಾದ ವಾರಕ್ಕೆ, ಒಂದು ಸೋಮವಾರ. ರೊಟ್ಟಿಯ ಹೊತ್ತು ಮುಗಿದು ಹಾಸಗೇರಾ ತಣ್ಣಗಾಗಿತ್ತು. ಹತ್ತೂಕಾಲಿಗೆ ಪರದೆಯ ಮೇಲೆ ಇದ್ದಕ್ಕಿದ್ದಂತೆ ಏನೋ ಎದ್ದಿತು. ಲಯವಿಲ್ಲ, ಲೆಕ್ಕವಿಲ್ಲ. ಒಂದೇ ಜಾಗದಿಂದ ಹತ್ತಾರು ಸಣ್ಣ ಪೆಟ್ಟುಗಳು, ಒಂದರ ಮೇಲೊಂದು ಬಿದ್ದು, ಒಮ್ಮೆ ನಿಂತು, ಮತ್ತೆ ಇನ್ನೂ ಜೋರಾಗಿ. ಜಾಗ ನೋಡಿದೆ. ಅಂಗನವಾಡಿ. ಫೋನ್ ಹಚ್ಚಿದೆ.

“ಚಂದಮ್ಮ, ಅಲ್ಲೇನಾಗ್ತಿದೆ? ನೆಲ ಏನಾದ್ರೂ...”

ಆ ಕಡೆಯಿಂದ ಮೊದಲು ಕೇಳಿದ್ದು ಕೇಕೆ. ಅವಳು ಗಟ್ಟಿಯಾಗಿ ಮಾತಾಡಬೇಕಾಯಿತು.

“ಏನಿಲ್ರಿ ಮೇಡಂ! ಇವತ್ತ ಹುಡುಗ್ರು ತಮ್ಮ ಖೋಲಿಗೆ ವಾಪಸ್ ಬಂದಾವ. ನೆಲ ಗಟ್ಟಿ ಅದೋ ಇಲ್ಲೋ ನೀವೇ ನೋಡ್ರೋ ಅಂದೆ. ಎಲ್ಲಾವೂ ಕೂಡೇ ಜಿಗೀಲಿಕತ್ತಾವ!”

ಪರದೆಯ ಮೇಲೆ ಯಂತ್ರ ಕೇಳುತ್ತಿತ್ತು: ‘ಗದ್ದಲ. ಅಳಿಸಲೇ?’

ಹತ್ತೊಂಬತ್ತು ವರ್ಷ ಹೌದು ಅಂದವಳು ನಾನು. ಇಲ್ಲ ಎಂದು ಒತ್ತಿ, ಫೋನನ್ನು ಕಿವಿಗೆ ಇನ್ನೂ ಹತ್ತಿರ ಹಿಡಿದುಕೊಂಡೆ.